ಮಗು ಹೆದರದೆ ಓದಬೇಕೆಂದರೆ: ಮನೆಯಲ್ಲೇ ಕನ್ನಡ ಓದು ಕಲಿಸುವ ಸಮಗ್ರ ಮಾರ್ಗದರ್ಶಿ

ಮೂರನೇ ತರಗತಿಯ ಹುಡುಗನನ್ನು ಕರೆದು ಕಾಗುಣಿತ ಹೇಳು ಅನ್ನಿ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಅಂತ ರಾಗ ಎಳೆದು, ಉಸಿರು ಬಿಡದೆ ಹೇಳಿ ಮುಗಿಸುತ್ತಾನೆ. ಅದೇ ಹುಡುಗನ ಮುಂದೆ ‘ಕಾಗೆ’ ಅಂತ ಬರೆದಿಡಿ. ಗಪ್ ಆಗಿಬಿಡುತ್ತಾನೆ. ಬಾಯೊಳಗೇ ರಾಗ ಶುರು ಮಾಡಿ ‘ಕಾ’ ಬರುವ ತನಕ ಹೋಗುತ್ತಾನೆ. ‘ಗೆ’ ಹುಡುಕಲು ಮತ್ತೆ ‘ಗ ತಲಕಟ್ಟು’ವಿನಿಂದ ಹೊರಡುತ್ತಾನೆ. ಅಷ್ಟೊತ್ತಿಗೆ ‘ಕಾ’ ಮರೆತಿರುತ್ತದೆ. ಧಾರವಾಡದ ಓಣಿಗಳಲ್ಲಿ ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಓದಿಸುವವರು ಯಾರನ್ನೇ ಕೇಳಿ, ಇಂಥ ಮಕ್ಕಳು ಅವರಿಗೆ ಚೆನ್ನಾಗಿ ಗೊತ್ತು.

ಆ ಹುಡುಗ ದಡ್ಡ ಅಲ್ಲ. ಅವನಿಗೆ ರಾಗ ಕಲಿಸಿದ್ದಾರೆ, ಓದು ಕಲಿಸಿಲ್ಲ ಅಷ್ಟೇ.

ಕನ್ನಡದ ಓದು ಒಂದೇ ವರ್ಷದಲ್ಲಿ ಮುಗಿಯುವ ಕೆಲಸವೂ ಅಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ ತಲಾ 15 ರೂಪ ಅಂದರೆ ಕಾಗುಣಿತವೇ 510. ಅದರ ಮೇಲೆ ಒತ್ತಕ್ಷರ. ಹೆಚ್ಚಿನ ಮಕ್ಕಳಿಗೆ ಇದೆಲ್ಲ ಕೈವಶ ಆಗಲು ಮೂರು–ನಾಲ್ಕು ವರ್ಷ ಹಿಡಿಯುತ್ತದೆ. ‘ಎಲ್ಲಾ ಅಕ್ಷರ ಬರಲಿ, ಆಮೇಲೆ ಕಥೆ ಪುಸ್ತಕ ಕೊಡೋಣ’ ಅಂತ ಕೂತರೆ ಓದಿನ ರುಚಿ ಹತ್ತುವ ವಯಸ್ಸೇ ದಾಟಿಹೋಗುತ್ತದೆ. ಐದು ಅಕ್ಷರ ಬಂದರೆ ಆ ಐದರಲ್ಲೇ ಓದಿಸಿ. ಹತ್ತು ಬಂದರೆ ಹತ್ತರಲ್ಲಿ. ಮಗುವಿಗೆ ‘ನನಗೆ ಓದಲಿಕ್ಕೆ ಬರ್ತೈತಿ’ ಅನ್ನಿಸುವುದು ಮೊದಲ ವಾರದಲ್ಲೇ ಆಗಬೇಕು. ಮೂರರಿಂದ ಹತ್ತು ವರ್ಷದ ಮಕ್ಕಳಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮಗು ಎಲ್ಲಿದೆ ಅಂತ ಮೊದಲು ನೋಡಿ

ತರಗತಿ ನೋಡಿ ಲೆಕ್ಕ ಹಾಕಬೇಡಿ. ನಾಲ್ಕನೇ ತರಗತಿಯ ಮಗು ಅಕ್ಷರದ ಹಂತದಲ್ಲಿರಬಹುದು, ಒಂದನೇ ತರಗತಿಯದು ಕಥೆ ಓದುತ್ತಿರಬಹುದು. 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುವ ಅಸರ್ ಸಮೀಕ್ಷೆ ಮಕ್ಕಳ ಓದನ್ನು ನೋಡುವ ಕ್ರಮ ಬಹಳ ಸರಳ: ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಒಂದು ಕಥೆ. ಅದೇ ಕ್ರಮ ಮನೆಯಲ್ಲೂ ಸಾಕು.

ಒಂದು ಹಾಳೆಯಲ್ಲಿ ಹತ್ತು ಅಕ್ಷರಗಳನ್ನು ಅಡ್ಡಾದಿಡ್ಡಿಯಾಗಿ ಬರೆಯಿರಿ. ವರ್ಣಮಾಲೆಯ ಸಾಲಿನಲ್ಲಿ ಬೇಡ, ಸಾಲಿನಲ್ಲಿದ್ದರೆ ಮಗು ನೆನಪಿನಿಂದ ಹೇಳಿಬಿಡುತ್ತದೆ. ಇನ್ನೊಂದು ಹಾಳೆಯಲ್ಲಿ ಹತ್ತು ಚಿಕ್ಕ ಪದ. ಮೂರನೆಯದರಲ್ಲಿ ಒತ್ತಕ್ಷರ ಇಲ್ಲದ ಪ್ಯಾರಾ, ಇಂಥದ್ದು:

‘ಮಳೆ ಬಂತು. ಕೆರೆ ತುಂಬಿತು. ರವಿ ಕಾಗದದ ದೋಣಿ ಮಾಡಿದ. ದೋಣಿ ತೇಲಿತು. ರವಿ ಕುಣಿದಾಡಿದ.’

ನಾಲ್ಕನೆಯದಕ್ಕೆ ಎರಡನೇ ತರಗತಿಯ ಪುಸ್ತಕದಿಂದ, ಮಗು ಓದಿರದ ಒಂದು ಪುಟ. ಪ್ಯಾರಾದಿಂದ ಶುರು ಮಾಡಿ. ಸಲೀಸಾಗಿ ಓದಿದರೆ ಕಥೆ ಕೊಡಿ, ತಡವರಿಸಿದರೆ ಪದಕ್ಕೆ ಇಳಿಯಿರಿ. ಓದಿ ಆದ ಮೇಲೆ ‘ದೋಣಿ ಯಾತರಿಂದ ಮಾಡಿದ?’ ಅಂತ ಕೇಳಿ. ಓದಿದ್ದು ಸರಿ ಇದ್ದೂ ಉತ್ತರ ಬರದಿದ್ದರೆ ಅದು ಬೇರೆ ತೊಂದರೆ, ಮುಂದೆ ನೋಡೋಣ.

ಪರೀಕ್ಷೆ ಅಂತ ಹೇಳಬೇಡಿ. ಅಣ್ಣ–ತಮ್ಮ ಇಬ್ಬರನ್ನೂ ಒಟ್ಟಿಗೆ ಕೂಡಿಸಬೇಡಿ.

ಹಂತ 2: ಪುಸ್ತಕಕ್ಕೂ ಮೊದಲು ಮಾತು

ಓದಿನ ಬಗ್ಗೆ 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಒಂದು ಲೆಕ್ಕ ಹೇಳಿದರು, ಇವತ್ತಿಗೂ ಅದೇ ಬುನಾದಿ. ಬರಹವನ್ನು ದನಿ ಮಾಡುವ ಶಕ್ತಿ ಒಂದು, ಕೇಳಿದ ಮಾತು ಅರ್ಥ ಆಗುವ ಶಕ್ತಿ ಇನ್ನೊಂದು. ಎರಡರ ಗುಣಾಕಾರವೇ ಓದು. ಕೂಡಿಸುವುದಲ್ಲ, ಗುಣಿಸುವುದು ಅನ್ನುವುದನ್ನು ಗಮನಿಸಿ. ಒಂದು ಸೊನ್ನೆ ಆದರೆ ಉತ್ತರವೂ ಸೊನ್ನೆ. ಹಾಗಾಗಿ ಅಜ್ಜಿ ಹೇಳುವ ಕಥೆ, ಅಡುಗೆ ಮನೆಯ ಹರಟೆ, ಸಂತೆಗೆ ಹೋಗುವಾಗಿನ ಪ್ರಶ್ನೆ, ಎಲ್ಲವೂ ಓದಿನ ಪಾಠವೇ. ಓದು ಬಾರದ ಅಜ್ಜಿಯೂ ಮೊಮ್ಮಗನ ಓದಿಗೆ ಅರ್ಧ ಕೆಲಸ ಮಾಡಿಕೊಡಬಲ್ಲಳು.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಮಗು ಮನೆಯಲ್ಲಿ ಆಡುವುದು ‘ಐತಿ’, ಪುಸ್ತಕದಲ್ಲಿ ಇರುವುದು ‘ಇದೆ’. ಮನೆಯಲ್ಲಿ ಉಳ್ಳಾಗಡ್ಡಿ, ಪುಸ್ತಕದಲ್ಲಿ ಈರುಳ್ಳಿ. ಮನೆಯಲ್ಲಿ ತತ್ತಿ, ಪುಸ್ತಕದಲ್ಲಿ ಮೊಟ್ಟೆ. ಶೇಂಗಾ ಹೊಲದಲ್ಲೇ ಬೆಳೆದ ಮಗು ‘ಕಡಲೆಕಾಯಿ’ ಅಂತ ಓದಿ ಸುಮ್ನೆ ಕೂತರೆ ತಪ್ಪು ಅದರದ್ದಲ್ಲ. ಇದಕ್ಕೆ ಮಗುವಿನ ಮಾತು ತಿದ್ದಲು ಹೋಗಬಾರದು. ‘ಸರಿಯಾಗಿ ಮಾತಾಡು’ ಅಂದ ಕೂಡಲೇ ಮಗು ಬಾಯಿ ಮುಚ್ಚುತ್ತದೆ. ಅದರ ಬದಲು ಪುಸ್ತಕದ ಮಾತನ್ನೂ ಕಿವಿಗೆ ಹಾಕಬೇಕು. ದಿನಾ ರಾತ್ರಿ ಒಂದು ಕಥೆಯನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಿ ಹೇಳಿ, ನಡುವೆ ಮನೆಮಾತಿನಲ್ಲಿ ಹರಟಿ. ಎರಡೂ ಕನ್ನಡ ತನ್ನವೇ ಅಂತ ಮಗುವಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವ ಮಕ್ಕಳಿಗಂತೂ ಈ ಕೇಳುವ ಕಾಲ ಜಾಸ್ತಿ ಬೇಕು. ಅವರಿಗೆ ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಓದಿ.

ಇದರ ಜೊತೆ ದನಿಯ ಆಟ. ಮೂರು–ನಾಲ್ಕು ವರ್ಷದ ಮಕ್ಕಳಿಗೆ ಪಾಟಿ ಕೊಡುವ ಮೊದಲು ಚಪ್ಪಾಳೆ ಆಟ ಆಡಿಸಿ: ಗ–ದ–ಗ, ಮೂರು ಚಪ್ಪಾಳೆ. ಹಾ–ವೇ–ರಿ, ಮೂರು. ಆಮೇಲೆ ‘ಗದಗದಲ್ಲಿ ಮೊದಲನೇ ಗ ತೆಗೆದರೆ ಏನುಳಿಯಿತು?’ ಅಂತ ಕೇಳಿ. ‘ದಗ’ ಅಂತ ನಗುತ್ತಾರೆ. ಪದದ ಕೊನೆಯ ಅಕ್ಷರದಿಂದ ಹೊಸ ಪದ ಹೇಳುವ ಆಟ, ಒಗಟು, ನಾಲಿಗೆ ತಿರುಗದ ಸಾಲುಗಳು, ಎಲ್ಲಾ ನಡೆಯುತ್ತದೆ. ಪದ ಅನ್ನುವುದು ತುಂಡು ತುಂಡಾಗಿ ಒಡೆಯುತ್ತದೆ ಅಂತ ಕಿವಿಗೆ ಗೊತ್ತಾದರೆ, ಕಣ್ಣಿಗೆ ಅಕ್ಷರ ಹಿಡಿಯುವುದು ಸುಲಭ.

ಹಂತ 3: ಐದು ಅಕ್ಷರ, ಆ ದಿನವೇ ಪದ

ಅ ಆ ಇ ಈ ಇಂದ ಶುರು ಮಾಡಬೇಡಿ. ವರ್ಣಮಾಲೆಯ ಸಾಲು ವ್ಯಾಕರಣಕ್ಕೆ ಚಂದ, ಆದರೆ ಸ್ವರಗಳನ್ನಷ್ಟೇ ಕಲಿತ ಮಗುವಿಗೆ ಓದಲು ಪದವೇ ಸಿಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ನಲಿ–ಕಲಿ ಪದ್ಧತಿ ಇದನ್ನು ತಿರುವಿ ಹಾಕಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಕೂಡಿಸಿದರೆ ಪದ: ಸರ, ಅರಸ, ಅಗಸ, ಗರಗಸ. ನಂತರ ಜ, ವ, ಮ, ಬ, ನ.

ಈ ಕ್ರಮ ನಮ್ಮ ಭಾಗದವರಿಗೆ ಹೇಳಿ ಮಾಡಿಸಿದಂತಿದೆ. ರ ಮತ್ತು ಗ ಎರಡೇ ಅಕ್ಷರ ಬಂದರೆ ‘ಗರಗ’ ಓದಬಹುದು. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ, ಧಾರವಾಡದ ಹತ್ತಿರದ ಊರು. ಐದು ಅಕ್ಷರ ಬಂದರೆ ‘ಗದಗ’. ಹತ್ತು ಬಂದರೆ ‘ನವನಗರ’. ಬಸ್ಸಿನ ಬೋರ್ಡು ಓದಿದ ಮಗುವಿನ ಮುಖ ನೋಡಬೇಕು, ಮನೆಗೆ ಬಂದು ಹತ್ತು ಸಲ ಹೇಳುತ್ತದೆ.

ಮಾಡುವ ಕ್ರಮ ಹೀಗೆ. ದಿನಕ್ಕೆ ಒಂದು ಅಕ್ಷರ ಸಾಕು. ಮೊದಲು ಆ ದನಿ ಇರುವ ಪದಗಳನ್ನು ಮಗುವಿನ ಬಾಯಿಂದಲೇ ಹೇಳಿಸಿ. ಆಮೇಲೆ ದೊಡ್ಡದಾಗಿ ಬರೆದು ತೋರಿಸಿ, ಬೆರಳಿನಿಂದ ತಿದ್ದಿಸಿ. ಅವ್ವ ರೊಟ್ಟಿ ಬಡಿಯುವಾಗ ಕಲ್ಲಿನ ಪಕ್ಕ ಚೆಲ್ಲಿದ ಜೋಳದ ಹಿಟ್ಟು ಇದಕ್ಕೆ ಬಹಳ ಛಲೋ. ತಪ್ಪಾದರೆ ಅಂಗೈಯಿಂದ ಒರೆಸಿದರೆ ಆಯಿತು, ಪಾಟಿಯಷ್ಟೂ ಭಯ ಇಲ್ಲ. ನಂತರ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಅಕ್ಷರದ ಕಾರ್ಡು ಮಾಡಿ, ಜೋಡಿಸಿ ಪದ ಮಾಡಿಸಿ: ‘ಅರಸನ ಮಗ’, ‘ಮರದ ಗರಗಸ’. ಎರಡು ಪದದ ಸಾಲಾದರೂ ಆಗಲಿ, ಅದು ಓದೇ.

ಒಂದೇ ತರಹ ಕಾಣುವ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡಿ. ಬ–ಭ, ದ–ಧ, ರ–ಠ, ಪ–ಷ, ನ–ಸ, ಘ–ಛ. ಒಂದು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದು. ಮಹಾಪ್ರಾಣಗಳಿಗೆ ಅವಸರ ಇಲ್ಲ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಅವು ಬರುವುದೇ ಅಪರೂಪ.

ಹಂತ 4: ಕಾಗುಣಿತವನ್ನು ಅಡ್ಡ ಅಲ್ಲ, ಉದ್ದ ಕಲಿಸಿ

ಶಾಲೆಯ ಗೋಡೆಯ ಮೇಲಿನ ಪಟ್ಟಿ ಅಡ್ಡಕ್ಕೆ ಹೋಗುತ್ತದೆ: ಕ ಕಾ ಕಿ ಕೀ. ಹೀಗೆ ಕಲಿತರೆ ಮಗುವಿಗೆ ಕಿವಿಯಲ್ಲಿ ರಾಗ ಉಳಿಯುತ್ತದೆ, ಕಣ್ಣಿಗೆ ಚಿಹ್ನೆ ಉಳಿಯುವುದಿಲ್ಲ. ಬದಲಿಗೆ ಒಂದು ಚಿಹ್ನೆ ಹಿಡಿದು ಮೇಲಿಂದ ಕೆಳಗೆ ಇಳಿಯಿರಿ: ಕಾ, ಗಾ, ಸಾ, ಮಾ, ರಾ. ಒಂದು ವಾರ ಬರೀ ‘ಇಳಿ’. ಬಾಳ, ಸಾರ, ರಾಗ, ಬಾವ, ಜಾಣ. ಮುಂದಿನ ವಾರ ಗುಡಿಸು: ಗಿರಿ, ಸಿರಿ, ಮರಿ, ಗಿಣಿ. ಒಂದು ಚಿಹ್ನೆ ತಿಳಿದರೆ 34 ಅಕ್ಷರಕ್ಕೂ ತಿಳಿದ ಹಾಗೆ ಅನ್ನುವ ಗುಟ್ಟು ಮಗುವಿಗೆ ತಾನೇ ಹೊಳೆಯುತ್ತದೆ. ಆಮೇಲೆ ಯಾರೂ ಕಲಿಸದ ‘ಟಿ’ಯನ್ನೂ ಓದುತ್ತದೆ.

ಎರಡು ಕಡೆ ಎಚ್ಚರ. ಮೊದಲನೆಯದು ಹ್ರಸ್ವ–ದೀರ್ಘ. ಬಳೆ–ಬಾಳೆ, ಬಿಡು–ಬೀಡು, ಕೊಡು–ಕೋಡು ಜೋಡಿಗಳನ್ನು ಬರೆದು ಚಿತ್ರ ತೋರಿಸಿ ಅಥವಾ ಮಾಡಿ ತೋರಿಸಿ. ‘ದೀರ್ಘ ತಪ್ಪಿತು’ ಅಂತ ಬೈಯುವುದಕ್ಕಿಂತ, ‘ಕೈಗೆ ಬಾಳೆ ಹಾಕ್ಕೊಂಡ್ಲು’ ಅಂತ ಓದಿ ನಕ್ಕರೆ ಬೇಗ ನಾಟುತ್ತದೆ. ಎರಡನೆಯದು ಪು ಮತ್ತು ವು. ಬೇರೆ ಅಕ್ಷರಗಳಿಗೆ ಕೊಂಬು ಬಲಕ್ಕೆ ಬರುತ್ತದೆ. ವ ಅಕ್ಷರಕ್ಕೆ ಹಾಗೆ ಬಲಕ್ಕೆ ಹಚ್ಚಿದರೆ ಅದು ಮ ತರಹ ಕಾಣುತ್ತದೆ. ಅದಕ್ಕೇ ಇವೆರಡರಲ್ಲಿ ಕೊಂಬು ಕೆಳಗೆ ಸರಿಯುತ್ತದೆ. ‘ಹಾವು’ ಪದವನ್ನು ‘ಹಾಮ’ ಅಂತ ಓದುವ ಮಗು ಕಣ್ಣು ಬಿಟ್ಟೇ ನೋಡುತ್ತಿದೆ. ನೀವು ಆ ಕೊಂಬಿನ ಜಾಗ ತೋರಿಸಬೇಕು, ಅಷ್ಟೇ.

ಹಂತ 5: ಒತ್ತಕ್ಷರದ ಗಂಟು

ಹೆಚ್ಚಿನ ಮಕ್ಕಳು ಸೋಲುವುದು ಇಲ್ಲೇ. ‘ಹುಬ್ಬಳ್ಳಿ’ ಅಂತ ಬಾಯಲ್ಲಿ ಹೇಳಿ ನೋಡಿ. ಬಾಯಿ ಅದನ್ನು ಹುಬ್–ಬಳ್–ಳಿ ಅಂತ ಒಡೆಯುತ್ತದೆ. ಬರಹ ಒಡೆಯುವುದು ಹು–ಬ್ಬ–ಳ್ಳಿ ಅಂತ. ಬಾಯಿಗೂ ಬರಹಕ್ಕೂ ಇಲ್ಲಿ ಹೊಂದಿಕೆ ಇಲ್ಲ. ಅದಕ್ಕೇ ಮಗು ಒತ್ತು ನುಂಗಿ ‘ಹುಬಳಿ’ ಅನ್ನುತ್ತದೆ, ಇಲ್ಲಾ ಒತ್ತನ್ನು ಬೇರೆ ಅಕ್ಷರ ಮಾಡಿ ‘ಹುಬಬಳಳಿ’ ಅನ್ನುತ್ತದೆ.

ಮೊದಲು ತನ್ನದೇ ಒತ್ತು ಇರುವ ಪದಗಳು, ಅದೂ ಮನೆಯವು: ಅಕ್ಕ, ಅಪ್ಪ, ಅವ್ವ, ಅಜ್ಜಿ, ರೊಟ್ಟಿ, ಬೆಣ್ಣೆ. ಪದವನ್ನು ನೀವು ಹೇಳಿ, ಒತ್ತು ಬಂದಲ್ಲಿ ನೆಲಕ್ಕೆ ಕಾಲು ಗಟ್ಟಿಯಾಗಿ ಊರಿಸಿ: ರೊಟ್–ಟಿ. ದನಿಯ ಆ ತಡೆ ಮೈಗೆ ಗೊತ್ತಾಗಲಿ. ಆಮೇಲೆ ಬರಹ ತೋರಿಸಿ.

ಎರಡನೆಯದಾಗಿ ಆಕಾರ. ಬಹುತೇಕ ಒತ್ತುಗಳು ತಲಕಟ್ಟು ಬಿಟ್ಟು ಮೂಲ ಅಕ್ಷರದ ಹಾಗೇ ಇರುತ್ತವೆ, ಅವನ್ನು ಮಗು ಊಹಿಸುತ್ತದೆ. ಆಕಾರ ಪೂರ್ತಿ ಬದಲಾಗುವವು ಆರು: ತ, ನ, ಮ, ಯ, ರ, ಲ. ಈ ಆರನ್ನು ಮಾತ್ರ ಕಾರ್ಡಿನಲ್ಲಿ ಬರೆದು ಒಂದೊಂದಕ್ಕೂ ಪದ ಕೊಡಿ: ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಒತ್ತಕ್ಷರದ ದೊಡ್ಡ ಪಟ್ಟಿ ಬಾಯಿಪಾಠ ಮಾಡಿಸುವ ಕಷ್ಟ ತಪ್ಪಿತು.

ಮೂರನೆಯದಾಗಿ ಬೇರೆ ಒತ್ತು ಇರುವ ಪದಗಳು: ಪುಸ್ತಕ, ಚಟ್ನಿ, ಶಕ್ತಿ. ಕಟ್ಟಕಡೆಗೆ ಅರ್ಕಾವೊತ್ತು. ಅದು ಬರೆಯುವುದು ಅಕ್ಷರದ ಬಲಕ್ಕೆ, ಓದುವುದು ಅಕ್ಷರಕ್ಕಿಂತ ಮೊದಲು. ಸೂರ್ಯ, ಕರ್ನಾಟಕ. ‘ಕನಾರ್ಟಕ’ ಅಂತ ಓದುವ ಮಕ್ಕಳು ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿಯೇ ಓದುತ್ತಿದ್ದಾರೆ. ಆ ಗುರುತಿಗೆ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿ, ಅಲ್ಲಿಂದ ಹಿಂದಕ್ಕೆ ಬಾಣ ಎಳೆದು ತೋರಿಸಿ.

ಅಭ್ಯಾಸಕ್ಕೆ ಪುಸ್ತಕವೇ ಬೇಕು ಅಂತಿಲ್ಲ, ಬಸ್ ಸ್ಟ್ಯಾಂಡಿಗೆ ಹೋಗಿ. ನಮ್ಮ ಊರುಗಳ ಹೆಸರು ತಾವೇ ಹಂತ ಹಂತವಾಗಿ ಜೋಡಿಸಿಕೊಂಡಿವೆ. ಕಾಗುಣಿತ ಕಲಿತ ಮಗುವಿಗೆ ರೋಣ, ಹಾವೇರಿ, ಸವಣೂರು. ಸೊನ್ನೆ ಕಲಿತರೆ ಕುಂದಗೋಳ, ನವಲಗುಂದ, ಮುಂಡರಗಿ. ತನ್ನದೇ ಒತ್ತಿಗೆ ಹುಬ್ಬಳ್ಳಿ, ಶಿಗ್ಗಾವಿ, ಅಣ್ಣಿಗೇರಿ, ರಾಣೆಬೆನ್ನೂರು. ಬೇರೆ ಒತ್ತಿಗೆ ಬ್ಯಾಡಗಿ. ಲಕ್ಷ್ಮೇಶ್ವರ ಓದಿದ ಮಗುವಿಗೆ ಒತ್ತಕ್ಷರ ಬಂತು ಅಂತಲೇ ತಿಳಿಯಿರಿ, ಆ ‘ಕ್ಷ್ಮೇ’ ದೊಡ್ಡವರನ್ನೂ ಒಂದು ಕ್ಷಣ ನಿಲ್ಲಿಸುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಹೋದರೆ ನಿಲ್ದಾಣದ ಹೆಸರು ಓದುವ ಕೆಲಸ ಮಗುವಿಗೆ ಬಿಡಿ. ನವಲೂರು, ರಾಯಾಪುರ ಸುಲಭ, ವಿದ್ಯಾನಗರ ಸ್ವಲ್ಪ ಕಷ್ಟ, ಬೈರಿದೇವರಕೊಪ್ಪ ಉದ್ದ. ಬಸ್ಸು ಮುಂದೆ ಹೋಗುವುದರೊಳಗೆ ಓದಬೇಕು ಅನ್ನುವ ಆಟ ವೇಗವನ್ನೂ ಕಲಿಸುತ್ತದೆ.

ಹಂತ 6: ಪಕ್ಕದಲ್ಲಿ ಕೂತು ಓದಿಸುವುದು, ಅಂದರೆ ಹೆಚ್ಚಾಗಿ ಸುಮ್ಮನಿರುವುದು

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲ ಐದು ನಿಮಿಷ ಮಗುವಿಗೆ ಈಗಾಗಲೇ ಚೆನ್ನಾಗಿ ಬರುವ ಹಳೆಯ ಪುಟ. ನಂತರದ ಹತ್ತು ನಿಮಿಷ ಹೊಸದು. ಕೊನೆಯ ಐದು ನಿಮಿಷ ನೀವು ಓದಿ, ಮಗು ಕೇಳಲಿ. ಶುರು ಮಾಡುವುದು ಗೆಲುವಿನಿಂದ, ಮುಗಿಸುವುದು ಖುಷಿಯಿಂದ, ಕಷ್ಟ ನಡುವೆ ಮಾತ್ರ. ಎದುರಿಗೆ ಕೂರಬೇಡಿ, ಎದುರಿಗೆ ಕೂತರೆ ಮಾಸ್ತರರಾಗಿಬಿಡುತ್ತೀರಿ. ಪಕ್ಕಕ್ಕೆ ಕೂತರೆ ಇಬ್ಬರ ಕಣ್ಣೂ ಒಂದೇ ಸಾಲಿನ ಮೇಲಿರುತ್ತದೆ.

ಮಗು ತಡೆದಾಗ ಏನು ಮಾಡಬೇಕು ಅನ್ನುವುದೇ ಇಡೀ ಕೆಲಸದ ತಿರುಳು. ಹೆಚ್ಚಿನವರು ಅರೆ ಸೆಕೆಂಡಿನಲ್ಲಿ ಪದ ಹೇಳಿಬಿಡುತ್ತಾರೆ. ಮಗು ಬಹಳ ಬೇಗ ಕಲಿಯುತ್ತದೆ: ತಡೆದರೆ ಸಾಕು, ಅವ್ವ ಹೇಳ್ತಾಳ. ಮನಸ್ಸಿನಲ್ಲೇ ಐದು ಎಣಿಸಿ. ಬರಲಿಲ್ಲವೋ, ಒಂದು ಸುಳಿವು ಕೊಡಿ. ಆಗಲೂ ಬರಲಿಲ್ಲವೋ, ಪದ ಹೇಳಿ ಮುಂದೆ ಹೋಗಿ, ಅದನ್ನೇ ಹಿಡಿದು ಕೂರಬೇಡಿ. ತಪ್ಪು ಓದಿದರೆ ನಡುವೆ ಬಾಯಿ ಹಾಕದೆ ವಾಕ್ಯ ಮುಗಿಯಲು ಬಿಡಿ. ಎಷ್ಟೋ ಸಲ ಮಗು ತಾನೇ ಹಿಂದೆ ಬಂದು ತಿದ್ದಿಕೊಳ್ಳುತ್ತದೆ.

ಒಂದು ಉದಾಹರಣೆ. ಪುಸ್ತಕದಲ್ಲಿ ಇರುವುದು: ‘ಎತ್ತಿನ ಕೋಡು ಉದ್ದವಾಗಿದೆ.’

ಮಗಳು ಓದುತ್ತಾಳೆ: ‘ಎತ್ತಿನ… ಕಾಡು… ಉದ್ದವಾಗೈತಿ.’

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳುತ್ತಾಳೆ: ‘ಎತ್ತಿಗೆ ಕಾಡು ಇರತೈತೇನು?’

ಮಗಳಿಗೆ ನಗು. ಮತ್ತೆ ಬೆರಳಿಟ್ಟು ನೋಡುತ್ತಾಳೆ. ‘ಅಲ್ಲ ಬೇ, ಕೋ… ಕೋಡು. ಕ್ವಾಡ!’

‘ಹೌದು ನೋಡು, ಕ್ವಾಡ. ಪುಸ್ತಕದಾಗ ಕೋಡು ಅಂತ ಬರದಾರ. ಮುಂದ ಓದು.’

ಇಲ್ಲಿ ಎರಡು ತಪ್ಪು ಇದ್ದವು, ಅವ್ವ ಹಿಡಿದದ್ದು ಒಂದನ್ನೇ. ‘ಕಾಡು’ ಅಂದರೆ ಅರ್ಥ ಕೆಡುತ್ತದೆ, ಅದನ್ನು ಹಿಡಿಯಬೇಕು. ‘ಉದ್ದವಾಗಿದೆ’ಯನ್ನು ‘ಉದ್ದವಾಗೈತಿ’ ಅಂದದ್ದು, ಓದಿದ್ದು ಮಗಳ ತಲೆಗೆ ಅರ್ಥವಾಗಿ ಇಳಿದು ಮನೆಮಾತಾಗಿ ಹೊರಬಂದಿದೆ ಅನ್ನುವುದಕ್ಕೆ ಸಾಕ್ಷಿ. ಆ ದಿನ ಅದನ್ನು ಬಿಟ್ಟುಬಿಡುವುದೇ ಜಾಣತನ. ಸುಳಿವು ಕೂಡ ಅಕ್ಷರದ್ದಲ್ಲ, ಅರ್ಥದ್ದು. ಪ್ರತಿ ತಪ್ಪಿಗೂ ‘ಸರಿ ನೋಡು’ ಅಂದರೆ ಮಗು ಅಕ್ಷರ ನೋಡಲು ಕಲಿಯುತ್ತದೆ. ‘ಹಂಗಂದ್ರ ಏನು?’ ಅಂದರೆ ಅರ್ಥ ನೋಡಲು ಕಲಿಯುತ್ತದೆ.

ಒಂದೇ ಕಥೆಯನ್ನು ಮತ್ತೆ ಮತ್ತೆ ಓದುತ್ತೇನೆ ಅಂದರೆ ಬೇಡ ಅನ್ನಬೇಡಿ. ಒಂದೇ ಪ್ಯಾರಾವನ್ನು ಹಲವು ಸಲ ಓದಿದ ಮಕ್ಕಳ ವೇಗ ಹೆಚ್ಚುತ್ತದೆ, ಆ ವೇಗ ಮುಂದಿನ ಹೊಸ ಪ್ಯಾರಾಕ್ಕೂ ಸ್ವಲ್ಪ ದಾಟುತ್ತದೆ ಅಂತ ಜೇ ಸ್ಯಾಮ್ಯುಯೆಲ್ಸ್ ಎಂಬ ಅಮೆರಿಕದ ವಿದ್ವಾಂಸರು 1979ರಲ್ಲೇ ಬರೆದಿದ್ದರು. ಬಾಯಿಪಾಠ ಆಗಿಬಿಟ್ಟಿದೆ ಅನ್ನುವ ಅನುಮಾನ ಇದ್ದರೆ ಪುಟದ ನಡುವಿನ ಒಂದು ಪದ ತೋರಿಸಿ ಕೇಳಿ.

ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲವೇ? ಆಗಲೂ ಪಕ್ಕದಲ್ಲಿ ಕೂರಬಹುದು. ಮಗು ಓದಲಿ, ನೀವು ಕೇಳಿ, ‘ಆಮೇಲೆ ಏನಾತು?’ ಅನ್ನಿ. ಕರೆಂಟ್ ಬಿಲ್ಲು, ಬೀಜದ ಚೀಲ, ರೇಷನ್ ಅಂಗಡಿಯ ಬೋರ್ಡು, ಮದುವೆ ಪತ್ರಿಕೆ ಓದಿ ಹೇಳುವ ಕೆಲಸ ಮಗುವಿಗೇ ಕೊಡಿ. ತಾನು ಓದಿದ್ದರಿಂದ ದೊಡ್ಡವರಿಗೆ ಉಪಯೋಗ ಆಯಿತು ಅನ್ನುವುದಕ್ಕಿಂತ ದೊಡ್ಡ ಶಹಬ್ಬಾಸ್ ಇಲ್ಲ.

ಹಂತ 7: ಯಾವ ಪುಸ್ತಕ, ಎಲ್ಲಿಂದ

ಪುಸ್ತಕ ಕಷ್ಟವೋ ಸುಲಭವೋ ಅಂತ ಮಗುವೇ ನೋಡಿಕೊಳ್ಳಲಿ. ಒಂದು ಪುಟ ಓದುತ್ತಾ, ಬಾರದ ಪದಕ್ಕೆ ಒಂದೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳುವುದಕ್ಕೆ ಇರಲಿ. ಒಂದೆರಡು ಮಡಚಿದರೆ ಸರಿಯಾಗಿದೆ. ಒಂದೂ ಇಲ್ಲದಿದ್ದರೂ ಓದಲಿ, ಸುಲಭದ ಪುಸ್ತಕ ಓದುವುದು ಸೋಮಾರಿತನ ಅಲ್ಲ.

ದುಡ್ಡು ಖರ್ಚಿಲ್ಲದೆ ಸಿಗುವುದು ಬೇಕಾದಷ್ಟಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ, ನಾಲ್ಕು ಹಂತಗಳಲ್ಲಿ ಜೋಡಿಸಿಟ್ಟಿದ್ದಾರೆ. ಮೊದಲ ಹಂತದ ಕಥೆಗಳು ಸುಮಾರು 250 ಪದದ ಒಳಗೆ ಮುಗಿಯುತ್ತವೆ. ಫೋನಿನಲ್ಲಿ ಓದಿಸುವುದಾದರೆ ಫೋನು ನಿಮ್ಮ ಕೈಯಲ್ಲೇ ಇರಲಿ. ಒಂದೆರಡು ಕಥೆಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಹೊಲಿದರೆ ಇನ್ನೂ ಒಳ್ಳೆಯದು, ಮಗುವಿಗೆ ಅದು ‘ನನ್ನ ಪುಸ್ತಕ’.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಿಮ್ಮ ಊರಿನದು ಯಾವ ಹೊತ್ತಿಗೆ ತೆರೆಯುತ್ತದೆ ಅಂತ ವಿಚಾರಿಸಿ, ಮೊದಲ ಸಲ ನೀವೇ ಕರೆದುಕೊಂಡು ಹೋಗಿ. ಧಾರವಾಡದವರಿಗೆ ಸುಭಾಸ ರಸ್ತೆಯ ಪುಸ್ತಕದ ಅಂಗಡಿಗಳಿವೆ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟವೂ ಅದೇ ರಸ್ತೆಯಲ್ಲಿದೆ. ಅಲ್ಲಿರುವುದು ಹೆಚ್ಚಾಗಿ ದೊಡ್ಡವರ ಪುಸ್ತಕ. ಆದರೂ ದೊಡ್ಡವರು ದುಡ್ಡು ಕೊಟ್ಟು ಪುಸ್ತಕ ಕೊಳ್ಳುವುದನ್ನು ಮಗು ಒಮ್ಮೆ ಕಣ್ಣಾರೆ ನೋಡಲಿ.

ಆಯ್ಕೆ ಮಗುವಿನದೇ ಇರಲಿ. ನೀತಿಕಥೆಯೇ ಓದಬೇಕು ಅನ್ನುವ ಹಟ ನಮ್ಮಲ್ಲಿ ಜಾಸ್ತಿ. ದೆವ್ವ, ಕ್ರಿಕೆಟ್, ಟ್ರ್ಯಾಕ್ಟರ್, ಕಾಮಿಕ್ಸ್ ಯಾವುದಾದರೂ ಸರಿ.

ಹಂತ 8: ಓದಿದ್ದು ತಲೆಗೆ ಹೋಯಿತೇ?

ಪಾಠದ ಕೆಳಗಿನ ಪ್ರಶ್ನೋತ್ತರ ಕೇಳಬೇಡಿ. ಮುಖಪುಟ ತೋರಿಸಿ ‘ಇದರಾಗ ಏನಿರಬಹುದು?’ ಅನ್ನಿ. ನಡುವೆ ನಿಲ್ಲಿಸಿ ‘ಈಗ ಇವ ಏನ್ ಮಾಡ್ತಾನ?’ ಅನ್ನಿ. ಮುಗಿದ ಮೇಲೆ ಅಜ್ಜನಿಗೆ ಕಥೆ ಹೇಳಿ ಬಾ ಅಂತ ಕಳಿಸಿ. ಅಜ್ಜ ಕೇಳುವ ಪ್ರಶ್ನೆ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಚೆನ್ನಾಗಿ ಓದಿಯೂ ಏನೂ ಹೇಳಲಾಗದ ಮಗುವಿದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ, ಅದಕ್ಕೆ ಅಕ್ಷರ ಸಾಲದ್ದಲ್ಲ, ಮಾತು ಸಾಲದ್ದು.

ಇಂಗ್ಲಿಷ್ ಮಾಧ್ಯಮದ ಮಕ್ಕಳು

ಹುಬ್ಬಳ್ಳಿಯಲ್ಲಿ ಈಗ ಇಂಥ ಮನೆಗಳೇ ಜಾಸ್ತಿ, ಅಲ್ವಾ? ಅವರಿಗೂ ಮನೆಯಲ್ಲಿ ಕನ್ನಡದ ಓದು ಮೊದಲು ಬರಲಿ ಅನ್ನುವುದು ನನ್ನ ಅಭಿಪ್ರಾಯ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದಬಹುದು, ಗೆಲುವು ಬೇಗ ಸಿಗುತ್ತದೆ. ಬರಹ ಅಂದರೆ ಮಾತು, ಓದಿದರೆ ಅರ್ಥ ಬರಬೇಕು ಅನ್ನುವ ಅಭ್ಯಾಸ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಜೊತೆಗೆ ಹೋಗುತ್ತದೆ. ಇಂಗ್ಲಿಷ್ ಕಲಿಸುವಾಗ ಅಕ್ಷರದ ಹೆಸರಿನ ಜೊತೆ ಅದರ ದನಿಯನ್ನೂ ಹೇಳಿಕೊಡಿ.

ಧೈರ್ಯ ಕೆಡಿಸುವ ಕೆಲವು ಅಭ್ಯಾಸಗಳು

ಮನೆಗೆ ಬಂದ ಬೀಗರ ಮುಂದೆ ಓದಿಸುವುದು. ‘ನಿನ್ನ ತಂಗಿ ನೋಡು, ಹೆಂಗ್ ಓದ್ತಾಳ’ ಅನ್ನುವುದು. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಓದಲು ಕೂರಿಸುವುದು, ಇದು ಎಲ್ಲಕ್ಕಿಂತ ಕೆಟ್ಟದ್ದು. ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡುವುದೂ ಬೇಡ. ಹಿಂದುಳಿದ ದೊಡ್ಡ ಮಗುವಿಗೆ ನನಗೆ ಗೊತ್ತಿರುವ ಒಳ್ಳೆಯ ಮದ್ದು, ಚಿಕ್ಕ ಮಗುವಿಗೆ ಓದಿ ಹೇಳುವ ಕೆಲಸ ಕೊಡುವುದು. ಐದನೇ ತರಗತಿಯ ಹುಡುಗ ಒಂದನೇ ತರಗತಿಯ ಪುಸ್ತಕ ಓದಲು ನಾಚುತ್ತಾನೆ. ‘ತಮ್ಮಗ ಓದಿ ಹೇಳು’ ಅಂದರೆ ಅದೇ ಪುಸ್ತಕವನ್ನು ಮೊದಲೇ ಗುಟ್ಟಾಗಿ ಓದಿಕೊಂಡು ಬರುತ್ತಾನೆ.

ಇಷ್ಟಾದರೂ ಬರದಿದ್ದರೆ

ಮೊದಲು ಕಣ್ಣು ಮತ್ತು ಕಿವಿ ತೋರಿಸಿ. ಬೋರ್ಡಿನ ಹತ್ತಿರ ಹೋಗಿ ನಿಲ್ಲುವ, ಪುಸ್ತಕ ಮೂಗಿಗೆ ಹಿಡಿಯುವ, ಕರೆದರೆ ತಿರುಗದ ಮಗುವನ್ನು ‘ಲಕ್ಷ್ಯ ಇಲ್ಲ’ ಅಂತ ಬೈದು ವರ್ಷ ಕಳೆದ ಮನೆಗಳಿವೆ.

ಕಣ್ಣು–ಕಿವಿ ಸರಿ ಇದ್ದು, ಮಾತಿನಲ್ಲಿ ಚುರುಕಿದ್ದು, ಆರೆಂಟು ತಿಂಗಳು ದಿನಾ ಕೂತು ಓದಿಸಿದರೂ ಏಳೆಂಟು ವರ್ಷದ ಮಗುವಿಗೆ ನಿನ್ನೆಯ ಅಕ್ಷರ ಇವತ್ತು ಹೊಸದಾಗಿ ಕಂಡರೆ, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ತರಹ ಓದಿದರೆ, ಪ್ರಾಸ ಹಿಡಿಯಲು ಆಗದಿದ್ದರೆ, ಮನೆಯಲ್ಲಿ ಬೇರೆಯವರಿಗೂ ಹೀಗೇ ಇತ್ತು ಅಂತಿದ್ದರೆ ಕಲಿಕಾ ನ್ಯೂನತೆ ಇರಬಹುದು. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ, ಇಲ್ಲವೇ ಮಕ್ಕಳ ಡಾಕ್ಟರ ಸಲಹೆ ಪಡೆದು ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. ಹೋಗುವಾಗ ಮಗುವಿನ ಒಂದೆರಡು ನೋಟುಬುಕ್ಕು, ಕನ್ನಡದ್ದೂ ಇರಲಿ ಇಂಗ್ಲಿಷಿನದ್ದೂ ಇರಲಿ, ಜೊತೆಗೆ ಒಯ್ಯಿರಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲ ಕೇಳಬಹುದು. ಶಾಲೆಗೆ ಮೊದಲೇ ತಿಳಿಸಿ, ಹತ್ತನೇ ತರಗತಿಯ ತನಕ ಕಾಯಬೇಡಿ. ತಪಾಸಣೆ, ವರದಿ ಅಂತ ಓಡಾಡುವ ತಿಂಗಳುಗಳಲ್ಲಿ ರಾತ್ರಿ ಕಥೆ ಓದಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ. ಅಂಥ ಮಗುವಿಗೆ ಪುಸ್ತಕದ ಮಾತು ಸದ್ಯಕ್ಕೆ ಹೆಚ್ಚಾಗಿ ಕಿವಿಯ ದಾರಿಯಿಂದಲೇ ಹೋಗಬೇಕು.